ಪಬ್-ಸಬ್ ಕೋಡನ್ನು ಟೆಸ್ಟ್ ಮಾಡಲು ಯಾವ ದಾರಿ? ಒಂದು ಹೋಲಿಕೆ

ಪಬ್-ಸಬ್ ಅಂದರೆ ಒಂದು ಕಡೆ ಇವೆಂಟ್ (ಏನೋ ನಡೆಯಿತು ಅನ್ನುವ ಸುದ್ದಿ) ಪಬ್ಲಿಷ್ ಆದರೆ, ಅದು ಬೇಕು ಅಂದವರಿಗೆಲ್ಲ ಹಂಚುವ ಏರ್ಪಾಡು. ಇದರ ಬಗ್ಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ ಹುಡುಗಿಯರಿದ್ದಾರೆ, ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ ಮಾಡುವವರಿದ್ದಾರೆ, ಇಬ್ಬರು ಮೂವರು ಸೇರಿ ಸಣ್ಣ ಸಾಫ್ಟ್‌ವೇರ್ ಕಟ್ಟಿ ಮಾರುವವರೂ ಇದ್ದಾರೆ. ಪ್ರಶ್ನೆ ಇದು: "ನಮ್ಮ ಇವೆಂಟ್ ಸಿಸ್ಟಮ್ಮಿಗೆ ಟೆಸ್ಟ್ ಬರೆದಿದ್ದೇವೆ. ಒಂದು ಸಲ ಪಾಸ್ ಆಗುತ್ತೆ, ಇನ್ನೊಂದು ಸಲ ಫೇಲ್ ಆಗುತ್ತೆ. ಸ್ಲೀಪ್ ಹಾಕಬೇಕಾ? ಒಂದೇ ಥ್ರೆಡ್ಡಿನಲ್ಲಿ ಓಡಿಸಬೇಕಾ? ರೇಸ್ ಡಿಟೆಕ್ಟರ್ ಸಾಕಾ? ಅಥವಾ ನಿಜವಾದ ಬ್ರೋಕರನ್ನೇ ಎಬ್ಬಿಸಬೇಕಾ?"

ಹೊಸಬರಿಗೆ ಮೊದಲು ಮೂರು ಪದ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ. ರೇಸ್ ಅಂದರೆ ಎರಡು ಥ್ರೆಡ್ ಒಂದೇ ಡೇಟಾವನ್ನು ಒಟ್ಟಿಗೆ ಮುಟ್ಟಿದಾಗ ಆಗುವ ಗೊಂದಲ. ಬ್ರೋಕರ್ ಅಂದರೆ ಇವೆಂಟುಗಳನ್ನು ಪಡೆದು ಹಂಚುವ ಹೊರಗಿನ ಪ್ರೋಗ್ರಾಮ್. ಆ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಆದರೆ ಆಯ್ಕೆ ಮಾಡುವ ಕ್ರಮ ಒಂದಿದೆ. ಮೊದಲು ನಿಮ್ಮ ಸಿಸ್ಟಮ್ ಬಳಸುವವರಿಗೆ ಏನು ಮಾತು ಕೊಟ್ಟಿದೆ ಅಂತ ಬರೆದುಕೊಳ್ಳಿ. ಯಾವ ಮಾತು ತಪ್ಪಿದರೆ ಅವರಿಗೆ ಜಾಸ್ತಿ ನಷ್ಟ ಅಂತ ನೋಡಿ. ಆ ಮಾತನ್ನು ಪರೀಕ್ಷಿಸಬಲ್ಲ ದಾರಿಯಲ್ಲಿ ಅಗ್ಗದ್ದನ್ನು ಹಿಡಿಯಿರಿ. ಟೂಲ್ ಮೊದಲು ಆರಿಸಿ ಆಮೇಲೆ ಟೆಸ್ಟ್ ಹುಡುಕಿದರೆ ಕೆಲಸ ಕೆಡುತ್ತದೆ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಡಿಕೆ ಧಾರಣೆ ತಿಳಿಸುವ ಒಂದು ಸಣ್ಣ ಸರ್ವಿಸ್. ಮಾರುಕಟ್ಟೆಯಿಂದ ರಾಶಿ, ಬೆಟ್ಟೆ, ಸರಕು, ಗೊರಬಲು ಧಾರಣೆ ಬಂದ ಕೂಡಲೇ ಒಂದು ಇವೆಂಟ್ ಪಬ್ಲಿಷ್ ಆಗುತ್ತದೆ. ಅದನ್ನು ಕೇಳುವ ಹ್ಯಾಂಡ್ಲರ್ (ಇವೆಂಟ್ ಬಂದಾಗ ಓಡುವ ಕೋಡ್) ಮೂರು. ಒಂದು ಬೆಳೆಗಾರರ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ, ಒಂದು ಡೇಟಾಬೇಸಿಗೆ ಬರೆಯುತ್ತದೆ, ಒಂದು ವೆಬ್ ಪುಟ ಬದಲಿಸುತ್ತದೆ. ಮೂರೂ ಬೇರೆ ಬೇರೆ ಥ್ರೆಡ್ಡುಗಳಲ್ಲಿ ಓಡುತ್ತವೆ.

ಈ ಸರ್ವಿಸ್ ಕೊಟ್ಟ ಮಾತುಗಳು ಯಾವುವು? ಪ್ರತಿ ಇವೆಂಟೂ ಮೂವರಿಗೂ ತಲುಪಬೇಕು. ಒಂದೇ ಬಗೆಯ ಅಡಿಕೆಯ ಧಾರಣೆ ಬಂದ ಕ್ರಮದಲ್ಲೇ ಹೋಗಬೇಕು. 11:05ರ ಧಾರಣೆ 11:06ರದ್ದರ ನಂತರ ಮೊಬೈಲಿಗೆ ಬಂದರೆ ಬೆಳೆಗಾರ ತಪ್ಪು ಲೆಕ್ಕ ಹಾಕುತ್ತಾನೆ. ಮೆಸೇಜ್ ಬೇಡ ಅಂತ ಹೇಳಿದವರಿಗೆ ಆಮೇಲೆ ಒಂದೂ ಹೋಗಬಾರದು. ಒಂದು ಹ್ಯಾಂಡ್ಲರ್ ಎಡವಿ ಬಿದ್ದರೆ ಉಳಿದವು ನಿಲ್ಲಬಾರದು. ಒಂದು ನಿಧಾನವಾದರೆ ಕ್ಯೂ ಬೆಳೆದು ಮೆಮೊರಿ ತುಂಬಬಾರದು. ಸರ್ವಿಸ್ ನಿಲ್ಲಿಸುವಾಗ ಕ್ಯೂನಲ್ಲಿ ಉಳಿದದ್ದು ಏನಾಗುತ್ತದೆ ಅಂತ ಮೊದಲೇ ಗೊತ್ತಿರಬೇಕು. ನಿಮ್ಮ ಸಿಸ್ಟಮ್ಮಿಗೆ ಇವೆಲ್ಲ ಬೇಕಾಗದೇ ಇರಬಹುದು. ಬೇಕಾದ್ದನ್ನು ಮಾತ್ರ ಬರೆದುಕೊಳ್ಳಿ.

ಯಾವ ಅಳತೆಯಲ್ಲಿ ತೂಗಬೇಕು

ನಾನು ನೋಡುವ ಅಳತೆಗಳು ಐದು. ಮೇಲಿನ ಮಾತುಗಳಲ್ಲಿ ಯಾವುದನ್ನು ಈ ದಾರಿ ಹಿಡಿಯುತ್ತದೆ? ಫೇಲ್ ಆದ ಟೆಸ್ಟ್ ಮತ್ತೆ ಓಡಿಸಿದಾಗ ಹಾಗೇ ಫೇಲ್ ಆಗುತ್ತದಾ? ಓಡಲು ಎಷ್ಟು ಹೊತ್ತು ಬೇಕು, ಎಂಥ ಕಂಪ್ಯೂಟರ್ ಬೇಕು? ಇದಕ್ಕಾಗಿ ನಮ್ಮ ಕೋಡನ್ನು ಎಷ್ಟು ತಿದ್ದಬೇಕು? ನಿಜವಾಗಿ ಓಡುವ ಪರಿಸ್ಥಿತಿಗೆ ಇದು ಎಷ್ಟು ಹತ್ತಿರ?

ಇದರಲ್ಲಿ ಎರಡನೆಯದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಮತ್ತೆ ಮರುಕಳಿಸದ ಫೇಲನ್ನು ಯಾರೂ ಸರಿಮಾಡಲಾರರು. ಸ್ವಲ್ಪ ದಿನದಲ್ಲಿ ತಂಡದವರು "ಅದು ಹಾಗೇ, ಇನ್ನೊಮ್ಮೆ ಓಡಿಸಿ" ಅನ್ನಲು ಶುರು ಮಾಡುತ್ತಾರೆ. ಅಲ್ಲಿಂದ ಆ ಟೆಸ್ಟ್ ಇದ್ದೂ ಇಲ್ಲದಂತೆ.

ಇಷ್ಟೊಂದು ಕಷ್ಟ ಯಾಕೆ ಅಂತಲೂ ಗೊತ್ತಿರಲಿ. ತಲಾ 10 ಹೆಜ್ಜೆಯ ಎರಡು ಥ್ರೆಡ್ ಒಂದರೊಳಗೊಂದು ಸೇರಿಕೊಂಡು ಓಡಲು 1,84,756 ಕ್ರಮಗಳಿವೆ. ತಲಾ 5 ಹೆಜ್ಜೆಯ ಮೂರು ಥ್ರೆಡ್ ಆದರೆ 7,56,756. ನಿಮ್ಮ ಟೆಸ್ಟ್ ಒಂದು ಸಲ ಓಡಿದಾಗ ನೋಡುವುದು ಅದರಲ್ಲಿ ಒಂದೇ ಒಂದನ್ನು.

ಧೈರ್ಯ ಕೊಡುವ ಮಾತೂ ಇದೆ. ಮೈಎಸ್‌ಕ್ಯೂಎಲ್, ಅಪಾಚೆ, ಮೊಝಿಲ್ಲಾ, ಓಪನ್‌ಆಫೀಸ್ ಈ ನಾಲ್ಕರ 105 ಕನ್‌ಕರೆನ್ಸಿ ಬಗ್‌ಗಳನ್ನು ಅಧ್ಯಯನ ಮಾಡಿ 2008ರಲ್ಲಿ ಒಂದು ಪ್ರಬಂಧ ಬಂತು. ಅದರಲ್ಲಿ 96 ಶೇಕಡಾ ಬಗ್‌ಗಳನ್ನು ಎರಡೇ ಥ್ರೆಡ್ಡುಗಳ ನಡುವೆ ಒಂದು ನಿರ್ದಿಷ್ಟ ಕ್ರಮ ತಂದರೆ ಹೊರಗೆಳೆಯಬಹುದಿತ್ತು. ಅಂದರೆ ನೂರು ಥ್ರೆಡ್ ಎಬ್ಬಿಸುವುದಕ್ಕಿಂತ ಎರಡನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಹೆಚ್ಚಿನ ಸಲ ಸಾಕು.

ಸ್ಲೀಪ್ ಹಾಕಿ ಕಾಯುವುದು

ಇದನ್ನು ಬೇಗ ಮುಗಿಸೋಣ. ಪಬ್ಲಿಷ್ ಮಾಡಿ, ಅರ್ಧ ಸೆಕೆಂಡ್ ಮಲಗಿ, ಆಮೇಲೆ ನೋಡುವುದು. ಕೋಡ್ ತಿದ್ದಬೇಕಿಲ್ಲ, ಖರ್ಚಿಲ್ಲ. ಆದರೆ ಕಂಪ್ಯೂಟರಿಗೆ ಬೇರೆ ಕೆಲಸ ಬಂದ ದಿನ ಆ ಅರ್ಧ ಸೆಕೆಂಡ್ ಸಾಲುವುದಿಲ್ಲ. ಎರಡು ಸೆಕೆಂಡ್ ಮಾಡಿದರೆ ಇನ್ನೂರು ಟೆಸ್ಟಿಗೆ ನಾನೂರು ಸೆಕೆಂಡ್ ಸುಮ್ನೆ ಹೋಯಿತು. ಅಪಾಚೆಯ 51 ಪ್ರಾಜೆಕ್ಟುಗಳ 201 ಕಮಿಟ್ ನೋಡಿದ 2014ರ ಅಧ್ಯಯನದಲ್ಲಿ, ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟುಗಳಿಗೆ ಅತಿ ದೊಡ್ಡ ಕಾರಣ ಇದೇ: ಉತ್ತರ ಬರುವ ತನಕ ಸರಿಯಾಗಿ ಕಾಯದಿರುವುದು, ಸುಮಾರು 45 ಶೇಕಡಾ. ಯಾವ ಬಜೆಟ್ಟಿನವರಿಗೂ ನಾನು ಇದನ್ನು ಹೇಳುವುದಿಲ್ಲ.

ಒಂದೇ ಥ್ರೆಡ್ಡಿನಲ್ಲಿ ಓಡಿಸುವುದು

ಇವೆಂಟನ್ನು ಹ್ಯಾಂಡ್ಲರುಗಳಿಗೆ ಹಂಚುವ ಕೋಡಿಗೆ ಬಸ್ ಅನ್ನುತ್ತಾರೆ. ಆ ಬಸ್ಸಿಗೆ ಥ್ರೆಡ್ ಪೂಲನ್ನು (ಸಿದ್ಧವಾಗಿಟ್ಟ ಥ್ರೆಡ್ಡುಗಳ ಗುಂಪು) ಹೊರಗಿನಿಂದ ಕೊಡುವಂತೆ ಕೋಡ್ ಬರೆಯಿರಿ. ಪ್ರೊಡಕ್ಷನ್ನಿನಲ್ಲಿ ನಿಜವಾದ ಪೂಲ್ ಕೊಡಿ, ಟೆಸ್ಟಿನಲ್ಲಿ ಕೆಲಸವನ್ನು ಕರೆದ ಥ್ರೆಡ್ಡಿನಲ್ಲೇ ಮುಗಿಸುವ ಎಕ್ಸಿಕ್ಯೂಟರ್ ಕೊಡಿ. ಜಾವಾದವರಿಗೆ ಗ್ವಾವಾ ಲೈಬ್ರರಿಯಲ್ಲಿ ಇದು ಸಿದ್ಧವಾಗೇ ಇದೆ. ಟೆಸ್ಟ್ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ, ಪ್ರತಿ ಸಲವೂ ಅದೇ ಫಲಿತಾಂಶ, ಹಳೇ ಲ್ಯಾಪ್‌ಟಾಪ್ ಸಾಕು. ಬೆಟ್ಟೆಯ ಧಾರಣೆ ಬಂದರೆ ಬೆಟ್ಟೆ ಕೇಳಿದವರಿಗೆ ಮಾತ್ರ ಹೋಗುತ್ತದಾ, ಡೇಟಾಬೇಸ್ ಹ್ಯಾಂಡ್ಲರ್ ಎಕ್ಸೆಪ್ಶನ್ (ತಪ್ಪಾಯಿತು ಅನ್ನುವ ಸೂಚನೆ) ಎಸೆದರೂ ಮೆಸೇಜ್ ಹೋಗುತ್ತದಾ, ಇಂಥವಕ್ಕೆಲ್ಲ ಇದೇ ಸರಿ.

ಮಿತಿ ಗೊತ್ತೇ ಇದೆ: ಥ್ರೆಡ್ಡೇ ಇಲ್ಲದ ಮೇಲೆ ರೇಸ್ ಎಲ್ಲಿಂದ ಸಿಗಬೇಕು? ಇನ್ನೊಂದು ಮಿತಿಯನ್ನು ಹಲವರು ಗಮನಿಸುವುದಿಲ್ಲ. ಒಂದು ಹ್ಯಾಂಡ್ಲರ್ ತನ್ನೊಳಗಿಂದಲೇ ಇನ್ನೊಂದು ಇವೆಂಟ್ ಪಬ್ಲಿಷ್ ಮಾಡಿದರೆ ಏನಾಗುತ್ತದೆ? ಹೀಗೆ ನೇರವಾಗಿ ಓಡಿಸಿದಾಗ ಒಳಗಿನ ಇವೆಂಟ್ ಪೂರ್ತಿ ಮುಗಿದು ಆಮೇಲೆ ಹೊರಗಿನದು ಉಳಿದ ಹ್ಯಾಂಡ್ಲರುಗಳಿಗೆ ಹೋಗಬಹುದು. ನಿಜವಾದ ಕ್ಯೂನಲ್ಲಿ ಒಳಗಿನದು ಸಾಲಿನ ಕೊನೆಗೆ ನಿಲ್ಲುತ್ತದೆ. ಪ್ರೊಡಕ್ಷನ್ನಿನಲ್ಲಿ ಎಂದೂ ಬಾರದ ಕ್ರಮದಲ್ಲಿ ಟೆಸ್ಟ್ ಪಾಸ್ ಆಗುತ್ತಿರುತ್ತದೆ. ನಿಮ್ಮಲ್ಲಿ ಇಂಥ ಸರಪಳಿ ಇವೆಂಟುಗಳಿದ್ದರೆ, ಟೆಸ್ಟಿನಲ್ಲಿ ನೇರ ಎಕ್ಸಿಕ್ಯೂಟರ್ ಬದಲು ಒಂದು ಸಾದಾ ಕ್ಯೂ ಇಟ್ಟು, ಟೆಸ್ಟೇ ಅದನ್ನು ಒಂದೊಂದಾಗಿ ಖಾಲಿ ಮಾಡಲಿ.

ಷರತ್ತು ಈಡೇರುವ ತನಕ ಕಾಯುವುದು

ನಿಜವಾದ ಥ್ರೆಡ್ಡುಗಳಿರಲಿ, ಆದರೆ ಗಡಿಯಾರ ನೋಡಿ ಕಾಯಬೇಡಿ, ಘಟನೆ ನೋಡಿ ಕಾಯಿರಿ. ಹ್ಯಾಂಡ್ಲರ್ ಮುಗಿದಾಗ ಒಂದು ಲ್ಯಾಚ್ (ಎಣಿಕೆ ಸೊನ್ನೆಗೆ ಇಳಿಯುವ ತನಕ ಕಾಯಿಸುವ ಸಾಧನ) ಇಳಿಸುತ್ತದೆ, ಟೆಸ್ಟ್ ಅದಕ್ಕಾಗಿ ಕಾಯುತ್ತದೆ. ಲ್ಯಾಚ್ ಹಾಕಲು ಜಾಗ ಇಲ್ಲದಿದ್ದರೆ ಅವೇಟಿಲಿಟಿಯಂಥ ಲೈಬ್ರರಿ ಇದೆ. ತಾನಾಗಿ 100 ಮಿಲಿಸೆಕೆಂಡಿಗೊಮ್ಮೆ ನೋಡುತ್ತದೆ, 10 ಸೆಕೆಂಡಿನ ಒಳಗೆ ಆಗದಿದ್ದರೆ ಫೇಲ್ ಮಾಡುತ್ತದೆ. ಬೇಗ ಆದರೆ ಬೇಗ ಮುಗಿಯುತ್ತದೆ. "ಎಲ್ಲರಿಗೂ ತಲುಪಿತಾ" ಅನ್ನುವ ಮಾತಿಗೆ ಇದು ಚೆನ್ನಾಗಿದೆ.

"ಏನೂ ಬರಬಾರದು" ಅನ್ನುವ ಮಾತಿಗೆ ಇದು ಸಾಲದು. ಮೆಸೇಜ್ ಬೇಡ ಅಂದ ಬೆಳೆಗಾರನಿಗೆ ಮೆಸೇಜ್ ಹೋಗಲಿಲ್ಲ ಅಂತ ಎಷ್ಟು ಹೊತ್ತು ಕಾದು ಹೇಳುತ್ತೀರಿ? ಇಲ್ಲಿ ಗುರುತಿನ ಇವೆಂಟ್ ಬಳಸಿ. ಹೋಗಬಾರದ ಇವೆಂಟನ್ನು ಪಬ್ಲಿಷ್ ಮಾಡಿ, ಅದರ ಬೆನ್ನಿಗೇ ಇನ್ನೊಂದು ಗುರುತಿನ ಇವೆಂಟನ್ನು ಅದೇ ಕ್ಯೂಗೆ ಹಾಕಿ. ಗುರುತಿನದು ಆಚೆ ಬಂದು, ಅದರ ಹ್ಯಾಂಡ್ಲರ್ ಮುಗಿದ ಮೇಲೆ ನೋಡಿ. ಒಂದು ಕ್ಯೂ, ಒಂದು ವರ್ಕರ್ (ಕ್ಯೂನಿಂದ ಎತ್ತಿ ಓಡಿಸುವ ಥ್ರೆಡ್) ಇದ್ದರೆ, ಮೊದಲು ಹಾಕಿದ್ದು ಅಷ್ಟರಲ್ಲಿ ಬಂದೇ ಇರಬೇಕಿತ್ತು. ಬಂದಿಲ್ಲ ಅಂದರೆ ಬರುವುದೇ ಇಲ್ಲ. ಪ್ರತಿ ಹ್ಯಾಂಡ್ಲರಿಗೂ ಬೇರೆ ಕ್ಯೂ ಇದ್ದರೆ ಪ್ರತಿ ಕ್ಯೂಗೂ ಒಂದೊಂದು ಗುರುತು ಬೇಕು. ಒಂದು ಕ್ಯೂನಿಂದ ಹಲವು ವರ್ಕರುಗಳು ಎತ್ತಿಕೊಳ್ಳುವ ಹಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಂಥ ಕಡೆ ಕ್ರಮದ ಮಾತನ್ನೂ ನೀವು ಕೊಡಲಾಗದು. 11:05ರದ್ದು ಒಬ್ಬ ವರ್ಕರ್ ಕೈಯಲ್ಲಿ ನಿಂತಿರುವಾಗ 11:06ರದ್ದನ್ನು ಇನ್ನೊಬ್ಬ ಮುಗಿಸಿಬಿಡುತ್ತಾನೆ.

ಥ್ರೆಡ್ಡುಗಳನ್ನು ಬೇಕಾದ ಜಾಗದಲ್ಲಿ ನಿಲ್ಲಿಸುವುದು

ಸಣ್ಣ ತಂಡಕ್ಕೆ ನಾನು ಒತ್ತಿ ಹೇಳುವ ದಾರಿ ಇದು. ಖರ್ಚಿಲ್ಲ, ವೇಗವಾಗಿದೆ, ಮತ್ತು ಫೇಲ್ ಆದರೆ ಪ್ರತಿ ಸಲವೂ ಅದೇ ಜಾಗದಲ್ಲಿ ಫೇಲ್ ಆಗುತ್ತದೆ. ಸ್ವಲ್ಪ ಬಿಡಿಸಿಯೇ ನೋಡೋಣ.

ಪರೀಕ್ಷಿಸಬೇಕಾದ್ದು: ಒಂದು ಇವೆಂಟ್ ಹಂಚಿಕೆಯಾಗುತ್ತಿರುವಾಗಲೇ ಒಬ್ಬ ಹೊರಬಂದರೆ ಏನಾಗುತ್ತದೆ? ಇದಕ್ಕೆ ಹ್ಯಾಂಡ್ಲರುಗಳನ್ನು ಒಂದೊಂದಾಗಿ ಕರೆಯುವ ಸರಳ ಬಸ್ ಇಟ್ಟುಕೊಳ್ಳೋಣ. ಪಟ್ಟಿಯಲ್ಲಿ ಕ್ರಮವಾಗಿ ಅ, ಆ, ಇ ಅಂತ ಮೂರು ಹ್ಯಾಂಡ್ಲರ್. ಅ ಒಳಗೆ ಎರಡು ಲ್ಯಾಚ್ ಇಡಿ. ಒಂದು "ನಾನು ಒಳಗೆ ಬಂದೆ" ಅಂತ ಹೇಳಲು, ಇನ್ನೊಂದು "ಬಾಗಿಲು ತೆರೆಯುವ ತನಕ ಕಾಯುತ್ತೇನೆ" ಅನ್ನಲು. ಬೇರೆ ಥ್ರೆಡ್ಡಿನಿಂದ ಪಬ್ಲಿಷ್ ಮಾಡಿ. ಅ ಒಳಗೆ ಬಂದ ಸುದ್ದಿ ಸಿಕ್ಕ ಕೂಡಲೇ ಟೆಸ್ಟ್ ಥ್ರೆಡ್ಡಿನಿಂದ ಆ ಅನ್ನು ಪಟ್ಟಿಯಿಂದ ತೆಗೆಯಿರಿ. ಈಗ ಬಾಗಿಲು ತೆರೆಯಿರಿ. ಆ ಗೆ ಇವೆಂಟ್ ಬಂತಾ?

ಉತ್ತರ ನಿಮ್ಮ ಪಟ್ಟಿಯ ಮೇಲೆ ನಿಂತಿದೆ. ಜಾವಾದ ಸಾದಾ ಅರೇಲಿಸ್ಟ್ ಇದ್ದರೆ, ಮುಂದಿನ ಹೆಜ್ಜೆಯಲ್ಲಿ ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಬೀಳುತ್ತದೆ, ಇ ಗೂ ಇವೆಂಟ್ ಸಿಗುವುದಿಲ್ಲ. ಆದರೆ ಪಟ್ಟಿಯಲ್ಲಿ ಅ ಮತ್ತು ಆ ಇಬ್ಬರೇ ಇದ್ದು ಆ ಅನ್ನು ತೆಗೆದರೆ ಎಕ್ಸೆಪ್ಶನ್ನೇ ಬರುವುದಿಲ್ಲ. ಉಳಿದ ಅಳತೆ ಒಂದು, ನೋಡಿ ಮುಗಿದದ್ದೂ ಒಂದು, ಹಾಗಾಗಿ ಲೂಪ್ ಸದ್ದಿಲ್ಲದೆ ಮುಗಿಯುತ್ತದೆ. ಟೆಸ್ಟ್ ಪಾಸ್! ಅದಕ್ಕೇ ಎರಡಲ್ಲ, ಮೂರು ಹ್ಯಾಂಡ್ಲರ್ ಇಡಿ, ನಡುವಿನದನ್ನು ತೆಗೆಯಿರಿ.

ಕಾಪಿ ಆನ್ ರೈಟ್ ಅರೇಲಿಸ್ಟ್ ಇದ್ದರೆ ಎಕ್ಸೆಪ್ಶನ್ ಇಲ್ಲ. ಆದರೆ ಆ ಗೆ ಇವೆಂಟ್ ಬಂದೇ ಬರುತ್ತದೆ, ಯಾಕಂದರೆ ಲೂಪ್ ಓಡುತ್ತಿರುವುದು ಹಳೆಯ ಪಟ್ಟಿಯ ಮೇಲೆ. ಅಂದರೆ ಮೆಸೇಜ್ ಬೇಡ ಅಂದವರಿಗೆ ಇನ್ನೊಂದು ಮೆಸೇಜ್ ಹೋಗುವ ಸಾಧ್ಯತೆ ಇದೆ. ಇದನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ಪ್ರತಿ ಸಬ್‌ಸ್ಕ್ರಿಪ್ಶನ್ನಿಗೆ "ಇನ್ನೂ ಇದೆಯಾ" ಅನ್ನುವ ಗುರುತು ಇಟ್ಟು, ಕರೆಯುವ ಮುಂಚೆ ನೋಡಬೇಕು. ಆಗಲೂ ನೋಡಿದ್ದಕ್ಕೂ ಕರೆದದ್ದಕ್ಕೂ ನಡುವೆ ಒಂದು ಸಣ್ಣ ಸಂದು ಉಳಿಯುತ್ತದೆ. ಅದನ್ನೂ ಮುಚ್ಚಬೇಕಾದರೆ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ) ಬೇಕು.

ಬಸ್ ಲಾಕ್ ಹಿಡಿದುಕೊಂಡೇ ಹ್ಯಾಂಡ್ಲರುಗಳನ್ನು ಕರೆಯುತ್ತಿದ್ದರೆ ಮೂರನೆಯದು ನಡೆಯುತ್ತದೆ: ಟೆಸ್ಟ್ ನಿಂತುಬಿಡುತ್ತದೆ. ತೆಗೆಯುವವನು ಲಾಕಿಗಾಗಿ ಕಾಯುತ್ತಾನೆ, ಲಾಕ್ ಹಿಡಿದವನು ಬಾಗಿಲಿಗಾಗಿ ಕಾಯುತ್ತಾನೆ. ಹಾಗಾಗಿ ಪ್ರತಿ ಕಾಯುವಿಕೆಗೂ ಟೈಮ್‌ಔಟ್ ಇರಲೇಬೇಕು. ಆ ಟೈಮ್‌ಔಟ್ ಬಿದ್ದರೆ ಟೆಸ್ಟನ್ನು ಬೈಯಬೇಡಿ. ಒಂದು ನಿಧಾನದ ಹ್ಯಾಂಡ್ಲರ್ ಇಡೀ ಬಸ್ಸನ್ನು ಕಟ್ಟಿಹಾಕಬಲ್ಲದು ಅಂತ ಅದು ತೋರಿಸಿಕೊಟ್ಟಿದೆ.

ಕೊರತೆ ಏನು ಅಂದರೆ, ಎಲ್ಲಿ ತೊಂದರೆ ಇರಬಹುದು ಅಂತ ನೀವೇ ಊಹಿಸಬೇಕು. ಊಹೆಗೆ ಬಾರದ ಬಗ್ ಇಲ್ಲಿ ಸಿಗುವುದಿಲ್ಲ.

ರೇಸ್ ಡಿಟೆಕ್ಟರ್ ಮತ್ತು ಒತ್ತಡದ ಟೆಸ್ಟ್

ಊಹೆಗೆ ಬಾರದ್ದಕ್ಕೆ ಇದು. ಗೋ ಭಾಷೆಯವರಿಗೆ 2013ರ 1.1 ಆವೃತ್ತಿಯಿಂದಲೂ ರೇಸ್ ಡಿಟೆಕ್ಟರ್ ಜೊತೆಗೇ ಬರುತ್ತದೆ. ಸಿ, ಸಿ++ ಬರೆಯುವವರಿಗೆ ಥ್ರೆಡ್‌ಸ್ಯಾನಿಟೈಜರ್ ಇದೆ. ಜಾವಾದಲ್ಲಿ ಹೀಗೆ ಒಂದು ಫ್ಲ್ಯಾಗ್ ಹಾಕಿದರೆ ಸಿಗುವುದಿಲ್ಲ. ಜೆಸಿಸ್ಟ್ರೆಸ್ ಇದೆ, ಆದರೆ ಅದು ಸಣ್ಣ ತುಣುಕುಗಳಿಗೆ.

ಗೋದವರು ಕೊಡುವ ಲೆಕ್ಕದ ಪ್ರಕಾರ ಇದರಿಂದ ಮೆಮೊರಿ 5ರಿಂದ 10 ಪಟ್ಟು, ಸಮಯ 2ರಿಂದ 20 ಪಟ್ಟು ಏರಬಹುದು. 8 ಜಿಬಿ ಲ್ಯಾಪ್‌ಟಾಪಿನವರು ಎಲ್ಲ ಟೆಸ್ಟುಗಳನ್ನೂ ಇದರಡಿ ಓಡಿಸಲು ಹೋಗಬೇಡಿ. ಬಸ್ಸಿನ ಪ್ಯಾಕೇಜ್ ಒಂದನ್ನೇ ಓಡಿಸಿ. ಉಳಿದದ್ದು ರಾತ್ರಿ ಗಿಟ್‌ಹಬ್ ಆಕ್ಷನ್ಸಿನಲ್ಲಿ ಓಡಲಿ; ಪಬ್ಲಿಕ್ ರೆಪೊ ಆದರೆ ಅದರ ಸಾಮಾನ್ಯ ಯಂತ್ರಗಳಿಗೆ ದುಡ್ಡಿಲ್ಲ.

ಎರಡು ವಿಷಯ ನೆನಪಿರಲಿ. ಟೆಸ್ಟ್ ಓಡಿದ ದಾರಿಯಲ್ಲಿ ಬಂದ ರೇಸ್ ಮಾತ್ರ ಅದಕ್ಕೆ ಕಾಣುತ್ತದೆ. ಹಾಗಾಗಿ ಒಂದೆಡೆ ಪಬ್ಲಿಷ್, ಇನ್ನೊಂದೆಡೆ ಸೇರುವುದು, ಹೊರಬರುವುದು, ಇವನ್ನೆಲ್ಲ ಒಟ್ಟಿಗೆ ನಡೆಸುವ ಟೆಸ್ಟ್ ಬೇಕು. ಮತ್ತೆ, ಅದು ಹಿಡಿಯುವುದು ಲಾಕಿಲ್ಲದೆ ಒಂದೇ ಮೆಮೊರಿಯನ್ನು ಮುಟ್ಟುವುದನ್ನು. ಪ್ರತಿ ಜಾಗದಲ್ಲೂ ಲಾಕ್ ಸರಿಯಾಗಿದ್ದು ಧಾರಣೆ ಹಿಂದುಮುಂದಾದರೆ ಡಿಟೆಕ್ಟರ್ ಏನೂ ಹೇಳುವುದಿಲ್ಲ. "ರೇಸ್ ಡಿಟೆಕ್ಟರ್ ಕ್ಲೀನ್ ಇದೆ" ಅಂದರೆ ಕ್ರಮ ಸರಿಯಾಗಿದೆ ಅಂತ ಅರ್ಥ ಅಲ್ಲ.

ಶೆಡ್ಯೂಲರನ್ನೇ ಕೈಗೆ ತೆಗೆದುಕೊಳ್ಳುವುದು

ಯಾವ ಥ್ರೆಡ್ ಯಾವಾಗ ಓಡಬೇಕು ಅಂತ ಟೂಲೇ ತೀರ್ಮಾನಿಸಿ, ಹಲವು ಕ್ರಮಗಳನ್ನು ಓಡಿಸಿ ನೋಡುತ್ತದೆ. ರಸ್ಟಿನಲ್ಲಿ ಲೂಮ್ ಮತ್ತು ಶಟಲ್, ಸಿ-ಶಾರ್ಪಿನಲ್ಲಿ ಮೈಕ್ರೋಸಾಫ್ಟಿನ ಕೊಯೋಟಿ, ಕಾಟ್ಲಿನ್ ಮತ್ತು ಜಾವಾಕ್ಕೆ ಲಿಂಚೆಕ್. ಲೂಮ್ ಸಾಧ್ಯವಿರುವ ಕ್ರಮಗಳನ್ನೆಲ್ಲ ನೋಡಲು ಹೊರಡುತ್ತದೆ, ಅದಕ್ಕೇ ಟೆಸ್ಟ್ ತುಂಬಾ ಸಣ್ಣದಿರಬೇಕು. ಶಟಲ್ ಆಯ್ದು ಆಯ್ದು ನೋಡುತ್ತದೆ, ದೊಡ್ಡ ಕೋಡಿಗೂ ಒಗ್ಗುತ್ತದೆ. ಫೇಲ್ ಆದ ಕ್ರಮವನ್ನು ಮತ್ತೆ ಹಾಗೇ ಓಡಿಸಬಹುದು ಅನ್ನುವುದೇ ದೊಡ್ಡ ಲಾಭ. ಬೆಲೆ ಏನು? ರಸ್ಟಿನಲ್ಲಾದರೆ ಲಾಕ್, ಚಾನೆಲ್, ಥ್ರೆಡ್ ಎಲ್ಲವನ್ನೂ ಆ ಟೂಲಿನವಕ್ಕೆ ಬದಲಿಸಿಕೊಳ್ಳಬೇಕು. ಸ್ವಂತ ಬಸ್ ಬರೆದವರಿಗೆ ಈ ಶ್ರಮ ಸಾರ್ಥಕ. ಬೇರೆಯವರ ಲೈಬ್ರರಿ ಬಳಸುವವರಿಗೆ ಅಷ್ಟು ಬೇಕಿಲ್ಲ.

ಗೋದವರಿಗೆ ಸಿಂಕ್‌ಟೆಸ್ಟ್ ಪ್ಯಾಕೇಜ್ 1.24ರಲ್ಲಿ ಪ್ರಯೋಗವಾಗಿ ಬಂದು, 2025ರ 1.25ರಲ್ಲಿ ಪಕ್ಕಾ ಆಯಿತು. ಇದು ಕ್ರಮಗಳನ್ನು ಹುಡುಕುವುದಿಲ್ಲ, ಗಡಿಯಾರವನ್ನು ಕೈಗೆ ಕೊಡುತ್ತದೆ. ಗೋರುಟೀನುಗಳೆಲ್ಲ (ಗೋದ ಹಗುರ ಥ್ರೆಡ್ಡುಗಳು) ಕಾಯುತ್ತಾ ನಿಂತಾಗ ಅದರ ಸುಳ್ಳು ಗಡಿಯಾರ ಮುಂದಕ್ಕೆ ಹಾರುತ್ತದೆ. ಮೆಸೇಜ್ ಹೋಗದಿದ್ದರೆ 30 ಸೆಕೆಂಡ್ ಬಿಟ್ಟು ಮತ್ತೆ ಕಳಿಸು ಅನ್ನುವ ಹ್ಯಾಂಡ್ಲರನ್ನು ಕ್ಷಣದಲ್ಲಿ ಪರೀಕ್ಷಿಸಬಹುದು. ನಿಜವಾದ ನೆಟ್‌ವರ್ಕ್ ಕಾಯುವಿಕೆ ಅದರ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ನಕಲಿ ಸಂಪರ್ಕ ಕೊಡಬೇಕು. ಕಾಟ್ಲಿನ್ ಕೊರುಟೀನಿನವರಿಗೆ ರನ್‌ಟೆಸ್ಟ್ ಇಂಥದೇ ಅನುಕೂಲ ಕೊಡುತ್ತದೆ.

ನಿಜವಾದ ಬ್ರೋಕರ್

ಕಾಫ್ಕಾ, ರೆಡಿಸ್, ಮಸ್ಕಿಟೊ ಹೀಗೆ ಹೊರಗಿನ ಬ್ರೋಕರ್ ಬಳಸುವವರಿಗೆ ಇದು ಒಂದಿಷ್ಟಾದರೂ ಬೇಕೇ ಬೇಕು. ಯಾಕಂದರೆ ಒಂದೊಂದರ ಮಾತೂ ಬೇರೆ. ಕಾಫ್ಕಾದಲ್ಲಿ ಕ್ರಮ ಒಂದು ಪಾರ್ಟಿಶನ್ನಿನ (ಇವೆಂಟುಗಳ ಸಾಲಿನ ಒಂದು ಭಾಗ) ಒಳಗೆ ಮಾತ್ರ; ಅಡಿಕೆಯ ಬಗೆಯನ್ನು ಕೀ ಮಾಡದಿದ್ದರೆ ರಾಶಿಯ ಧಾರಣೆ ಎರಡು ಪಾರ್ಟಿಶನ್ನಿಗೆ ಹಂಚಿಹೋಗಬಹುದು. ರೆಡಿಸ್ ಪಬ್-ಸಬ್‌ನಲ್ಲಿ ಆ ಹೊತ್ತಿಗೆ ಸಂಪರ್ಕದಲ್ಲಿ ಇಲ್ಲದವರಿಗೆ ಇವೆಂಟ್ ತಪ್ಪಿಹೋಯಿತು, ಮತ್ತೆ ಸಿಗದು. ಮಸ್ಕಿಟೊ ಬಳಸುವ ಎಂಕ್ಯೂಟಿಟಿ ನಿಯಮಾವಳಿಯ ಕ್ಯೂಒಎಸ್ 1ರಲ್ಲಿ (ತಲುಪಿಸುವ ಭರವಸೆಯ ಒಂದು ಮಟ್ಟ) ಕಡೇಪಕ್ಷ ಒಮ್ಮೆ ತಲುಪುತ್ತದೆ, ಎರಡು ಸಲ ಬಂದರೂ ಬರಬಹುದು.

ಮಲೆನಾಡಿನಲ್ಲಿ ಇದು ಪುಸ್ತಕದ ಮಾತಲ್ಲ. ಹೊಸನಗರ, ಆಗುಂಬೆ ಕಡೆ ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರೂ ಮಲಗುತ್ತದೆ. ತೋಟದಲ್ಲಿಟ್ಟ ಡಿವೈಸ್ ಸಂಪರ್ಕ ಕಳೆದುಕೊಂಡು, ಮರಳಿ, ಕಳಿಸಿದ್ದನ್ನೇ ಮತ್ತೆ ಕಳಿಸುತ್ತದೆ. ನಿಮ್ಮ ಬಳಕೆದಾರರು ಇಲ್ಲಿಯವರಾದರೆ, ಸಂಪರ್ಕ ಕಡಿದು ಕೂಡಿಸುವ ಟೆಸ್ಟನ್ನು ಬಿಡಲೇಬೇಡಿ. ಟೆಸ್ಟ್‌ಕಂಟೇನರ್ಸ್ ಬ್ರೋಕರನ್ನು ಎಬ್ಬಿಸಿ ಮಲಗಿಸುತ್ತದೆ. ನಡುವೆ ಶಾಪಿಫೈಯವರ ಟಾಕ್ಸಿಪ್ರಾಕ್ಸಿ ಇಟ್ಟರೆ ಬೇಕಾದಾಗ ಲೈನ್ ಕಡಿಯಬಹುದು, ನಿಧಾನ ಮಾಡಬಹುದು.

ಖರ್ಚು ಕಂಪ್ಯೂಟರಿನದು. ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಟೂಲ್) ಬೇಕು, ಕಾಫ್ಕಾಗೆ ಮೆಮೊರಿ ಬೇಕು, ಇಮೇಜುಗಳನ್ನು ಇಳಿಸಿಕೊಳ್ಳಲು ಒಳ್ಳೇ ನೆಟ್ ಬೇಕು. ಪೇಟೆಗೆ ಹೋದಾಗ ಒಮ್ಮೆ ಇಳಿಸಿಟ್ಟುಕೊಳ್ಳಿ. ಮಸ್ಕಿಟೊ, ರೆಡಿಸ್ ಹಗುರ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಇಂಥ ಟೆಸ್ಟ್ ಕೆಲವೇ ಇರಲಿ: ಕ್ರಮ, ಎರಡು ಸಲ ಬರುವುದು, ಸಂಪರ್ಕ ಮರಳುವುದು. ವ್ಯವಹಾರದ ತರ್ಕವನ್ನು ಇಲ್ಲಿ ಪರೀಕ್ಷಿಸಬೇಡಿ.

ಹಾಗಾದರೆ ಯಾರಿಗೆ ಯಾವುದು?

ಕಾಲೇಜ್ ಪ್ರಾಜೆಕ್ಟ್ ಮಾಡುವವರು ಒಂದೇ ಥ್ರೆಡ್ಡಿನ ಟೆಸ್ಟುಗಳನ್ನು ಚೆನ್ನಾಗಿ ಬರೆಯಿರಿ, ಜೊತೆಗೆ ಹೊರಬರುವುದಕ್ಕೆ ಲ್ಯಾಚ್ ಇಟ್ಟ ಒಂದು ಟೆಸ್ಟ್. ವೈವಾದಲ್ಲಿ ಆ ಒಂದು ಟೆಸ್ಟನ್ನು ಬಿಡಿಸಿ ಹೇಳಿದರೆ, ನಿಮ್ಮ ಬಸ್ ಹೇಗೆ ಕೆಲಸ ಮಾಡುತ್ತದೆ ಅಂತ ನಿಮಗೆ ಗೊತ್ತಿದೆ ಅನ್ನುವುದು ಎದುರಿನವರಿಗೆ ತಿಳಿಯುತ್ತದೆ.

ಎರಡು ಮೂರು ಜನರ ತಂಡ, ಪ್ರಾಸೆಸ್ಸಿನ ಒಳಗಿನ ಬಸ್: ಒಂದೇ ಥ್ರೆಡ್ಡಿನವು ಹೆಚ್ಚು, ಲ್ಯಾಚಿನವು ನಾಲ್ಕೈದು, ಗೋ ಅಥವಾ ಸಿ++ ಆದರೆ ರಾತ್ರಿ ರೇಸ್ ಡಿಟೆಕ್ಟರ್. ಹೊರಗಿನ ಬ್ರೋಕರ್ ಇದ್ದರೆ ಇದರ ಮೇಲೆ ಮೂರು ನಾಲ್ಕು ಕಂಟೇನರ್ ಟೆಸ್ಟ್. ಸ್ವಂತ ಬಸ್ ಲೈಬ್ರರಿ ಬರೆದು ಬೇರೆಯವರಿಗೆ ಕೊಡುವವರು ಮಾತ್ರ ಶೆಡ್ಯೂಲರ್ ಟೂಲಿಗೆ ಸಮಯ ಹಾಕಿ. ಅವರು ಹಾಕಲೇಬೇಕು, ಅವರ ಒಂದು ಬಗ್ ಹತ್ತು ಮನೆಗೆ ಹೋಗುತ್ತದೆ.

ದುಡ್ಡಿನ ಲೆಕ್ಕ ಬರುವ ಸಿಸ್ಟಮ್ ಆದರೆ, ಎರಡು ಸಲ ಬಂದ ಇವೆಂಟಿನ ಟೆಸ್ಟನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಅದಕ್ಕೆ ಥ್ರೆಡ್ ಕೂಡ ಬೇಡ. ಅದೇ ಗುರುತಿನ ಸಂಖ್ಯೆಯ ಇವೆಂಟನ್ನು ಹ್ಯಾಂಡ್ಲರಿಗೆ ಎರಡು ಸಲ ಕೊಡಿ, ಡೇಟಾಬೇಸಿನಲ್ಲಿ ಒಂದೇ ಸಾಲು ಇದೆಯಾ ನೋಡಿ. ಆಮೇಲೆ ಎರಡನ್ನೂ ಎರಡು ಥ್ರೆಡ್ಡಿನಿಂದ ಒಂದೇ ಹೊತ್ತಿಗೆ ಕೊಡಿ. ಮೊದಲನೆಯದು ಪಾಸ್ ಆಗಿ ಎರಡನೆಯದು ಆಗಾಗ ಫೇಲ್ ಆದರೆ, ನಿಮ್ಮ ಕೋಡ್ "ಇದೆಯಾ" ಅಂತ ನೋಡಿ ಆಮೇಲೆ ಬರೆಯುತ್ತಿದೆ. ಆ ಗುರುತಿನ ಸಂಖ್ಯೆಯ ಕಾಲಮ್ಮಿಗೆ ಡೇಟಾಬೇಸಿನಲ್ಲೇ ಯೂನಿಕ್ ಇಂಡೆಕ್ಸ್ (ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವ ಕಟ್ಟು) ಹಾಕಿ.